ಬಾಯಿಗೆ ಬೀಗ, ಬಯಲಲ್ಲಿ ಧ್ರುವಪ್ರಭೆ

ಜನವರಿ 6, ಸೋಮವಾರ

ಮಾತಾಡಬೇಡಿ ಎಂದರು ಡಾಕ್ಟರು, ಬರೆಯಬೇಡಿ ಎನ್ನಲಿಲ್ಲ. ಆದ್ದರಿಂದ ಇವತ್ತಿನಿಂದ ಈ ದಿನಚರಿ. ಒಳಗಿದ್ದದ್ದನ್ನು ಹೊರಗೆ ಹಾಕದೆ ಹೊಟ್ಟೆ ಉಬ್ಬಿ ಸಾಯುವುದಕ್ಕಿಂತ ಇದು ವಾಸಿ.

ಇಷ್ಟು ವರ್ಷ ಏಳನೇ ತರಗತಿಗೆ ವಿಜ್ಞಾನ ಹೇಳಿದ ಗಂಟಲು ಕಡೆಗೂ ಕೈಕೊಟ್ಟಿತು. ಸಂಜೆ ಡಾಕ್ಟರು ಮೂಗಿನೊಳಗೆ ಸಣ್ಣ ಕೊಳವೆ ಬಿಟ್ಟು ನೋಡಿ, ಧ್ವನಿತಂತುವಿನ ಮೇಲೆ ಒಂದು ಗಂಟಿದೆ ಎಂದರು. "ತೆಗೆದು ಟೆಸ್ಟಿಗೆ ಕಳಿಸ್ಬೇಕು. ಈ ವಾರವೇ ಮಾಡ್ಬಿಡೋಣ. ಅಲ್ಲೀವರೆಗೆ ಒಂದಕ್ಷರ ಮಾತಾಡ್ಬೇಡಿ. ಪಿಸುಮಾತೂ ಬೇಡ." ಈ ವಾರ ಆಗುವುದಿಲ್ಲ, ತಿಂಗಳ ಕೊನೆಗೆ ನೋಡೋಣ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. "ಟೆಸ್ಟಿಗೆ ಯಾಕೆ ಅಂತ ನೀವು ಕೇಳ್ಲೇ ಇಲ್ಲ" ಎಂದರು. ವಿಜ್ಞಾನದ ಟೀಚರಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಗೊತ್ತಾದ್ದರಿಂದಲೇ ಕೇಳಲಿಲ್ಲ.

ಈ ವಾರ ಆಗದಿರುವುದಕ್ಕೆ ಕಾರಣ ನಮ್ಮ ಹೆಡ್‌ಮೇಡಂ. ಮಧ್ಯಾಹ್ನ ಕರೆಸಿ, "ದನಿ ಇಲ್ದೆ ಕ್ಲಾಸ್ ಹೇಗ್ರೀ ತಗೋತೀರಾ? ಆಫೀಸಲ್ಲಿ ಕೂತು ಹಾಜರಿ ಕೆಲ್ಸ ನೋಡ್ಕೊಳ್ಳಿ. ಹೊಸಬರೊಬ್ರು ಬರೋಕೆ ಸಿದ್ಧವಾಗಿದಾರೆ" ಎಂದರು. ಅವರ ದನಿಯಲ್ಲಿ ದಯೆಯೇ ಇತ್ತು, ಅದೇ ಕಷ್ಟ. ಆಫೀಸಿಗೆ ಹೋದವರು ತರಗತಿಗೆ ಮರಳಿದ್ದನ್ನು ನಾನು ಕಂಡಿಲ್ಲ. ನಮ್ಮ ಡ್ರಾಯಿಂಗ್ ಟೀಚರು ಕೈ ಮುರಿದುಕೊಂಡು 'ನಾಲ್ಕು ದಿನಕ್ಕೆ' ಅಂತ ಹೋದವರು ಇವತ್ತಿಗೂ ಅಲ್ಲೇ ಲಕೋಟೆ ಅಂಟಿಸುತ್ತಿದ್ದಾರೆ. ಆಪರೇಷನ್ ಎಂದು ಈಗ ಮಲಗಿದರೆ ನನ್ನ ಗತಿಯೂ ಅದೇ.

ಅಲ್ಲೇ ನಿಂತು ಬರೆದುಕೊಟ್ಟೆ: "ಮುಂದಿನ ಪಾಠ ಧ್ರುವಪ್ರಭೆ. ಬಾಯಿ ಬಿಡದೆ ಕಲಿಸುತ್ತೇನೆ. ನೀವೇ ಬಂದು ಮಕ್ಕಳನ್ನು ಕೇಳಿ. ಅವರಿಗೆ ಬರದಿದ್ದರೆ ನಾನೇ ಬಂದು ಆಫೀಸಿನಲ್ಲಿ ಕೂರುತ್ತೇನೆ." ಅವರು ಕನ್ನಡಕ ತೆಗೆದು ಎರಡು ಸಲ ಓದಿದರು. ಇಪ್ಪತ್ನಾಲ್ಕನೇ ತಾರೀಕು ಬರುತ್ತಾರಂತೆ. ಬರಲಿ.

ಸೀಮೆಸುಣ್ಣದ ಧೂಳು ಕೂತು ಗಂಟಲು ಕೆಟ್ಟಿದೆ ಎಂದು ಮನೆಯಲ್ಲಿ ಬರೆದು ತೋರಿಸಿದೆ. ಇವರು ನಗೆ ತಡೆದುಕೊಂಡು, "ಅಂದ್ರೆ ಇನ್ಮೇಲೆ ನಂಗೆ ರೇಡಿಯೋ ಕೇಳ್ಸುತ್ತೆ!" ಎಂದರು. ನೋಡಿಕೊಳ್ಳುತ್ತೇನೆ ಇವರನ್ನು. ಮಗಳು "ಹ್ಞೂಂ" ಎಂದಳು. ಅವಳ ಹತ್ತಿರ ಇರುವುದೇ ಮೂರು ಮಾತು: ಹ್ಞೂಂ, ಇಲ್ಲ, ಗೊತ್ತಿಲ್ಲ. ನನ್ನ ಹೊಟ್ಟೆಯಲ್ಲಿ ಇಂಥ ಮೌನಗೌರಿ ಹೇಗೆ ಹುಟ್ಟಿದಳೋ. ಯಾರಾದರೂ ಅವಳನ್ನು ಏನಾದರೂ ಕೇಳಿದರೆ ನಾನೇ ಹೇಳಿಬಿಡುತ್ತೇನೆ. ಪಾಪ, ಅವಳಿಗೇಕೆ ಕಷ್ಟ.

ಜನವರಿ 7, ಮಂಗಳವಾರ

ಮೊದಲ ದಿನ ಸಂತೆ. ಟೀಚರಿಗೆ ದನಿಯಿಲ್ಲ ಎಂದು ಗೊತ್ತಾದದ್ದೇ ತಡ, ಏಳನೇ ತರಗತಿಗೆ ಇಲ್ಲದ ದನಿಯೆಲ್ಲ ಬಂತು. ಮೇಜು ಕುಟ್ಟಿ ಕುಟ್ಟಿ ಅಂಗೈ ಕೆಂಪಾಯಿತು. ಬೋರ್ಡಿನ ತುಂಬ ಬರೆದೆ: ಸೂರ್ಯನಿಂದ ವಿದ್ಯುದಾವೇಶದ ಕಣಗಳು ಹೊರಡುತ್ತವೆ, ಭೂಮಿಯ ಕಾಂತಕ್ಷೇತ್ರ ಅವನ್ನು ಧ್ರುವಗಳ ಕಡೆ ತಿರುಗಿಸುತ್ತದೆ, ಅಲ್ಲಿ ಅವು ಗಾಳಿಗೆ ಬಡಿದಾಗ ಆಕಾಶದಲ್ಲಿ ಬಣ್ಣದ ಬೆಳಕು. ಮಕ್ಕಳು ನಕಲು ಮಾಡಿಕೊಂಡು ಆಕಳಿಸಿದವು.

ಮುಂದಿನ ಬೆಂಚಿನಲ್ಲಿ ಒಬ್ಬಳಿದ್ದಾಳೆ, ಎಲ್ಲರೂ ಲಾಯರ್ ಎಂದೇ ಕರೆಯುವುದು. ಅಡ್ಡಪ್ರಶ್ನೆ ಹಾಕದೆ ನೀರೂ ಕುಡಿಯುವುದಿಲ್ಲ. "ಮಿಸ್, ನೀವು ಅದನ್ನ ನೋಡಿದೀರಾ?" ಇಲ್ಲವೆಂದು ತಲೆಯಾಡಿಸಿದೆ. "ಮತ್ತೆ ಇದೆ ಅಂತ ಹೇಗೆ ಹೇಳ್ತೀರಾ?" ದನಿ ಇದ್ದಿದ್ದರೆ ಒಂದೇ ಮಾತಿಗೆ ಕೂರಿಸುತ್ತಿದ್ದೆ. ಕಣ್ಣಲ್ಲೇ ಗದರಿದೆ. ಹಿಂದಿನ ಬೆಂಚಿನಲ್ಲಿ ನನ್ನ ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಜನವರಿ 9, ಗುರುವಾರ

ಬೋರ್ಡು ಒರೆಸಿ ಹಾಕಿದೆ. ಆಯಸ್ಕಾಂತದ ಪಟ್ಟಿ, ಅದರ ಮೇಲೆ ಬಿಳಿ ಹಾಳೆ, ಹಾಳೆಯ ಮೇಲೆ ಕಬ್ಬಿಣದ ಪುಡಿ. ಹಾಳೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಪುಡಿಯೆಲ್ಲ ಗೆರೆಗೆರೆಯಾಗಿ ಬಾಗಿ ಎರಡು ತುದಿಗೆ ಹೋಗಿ ಗುಂಪುಗೂಡಿತು. ನಾನು ಹೇಳಿಕೊಡಲಿಲ್ಲ, ಹೇಳುವಂತೆಯೂ ಇರಲಿಲ್ಲ. ಸುತ್ತ ಮುತ್ತಿಕೊಂಡ ತಲೆಗಳ ಮಧ್ಯದಿಂದ ಯಾರೋ, "ಅದಕ್ಕೇ ಬೆಳಕು ಧ್ರುವದಲ್ಲಿ ಮಾತ್ರ ಕಾಣೋದು! ದಾರಿ ಎಲ್ಲಾ ಅಲ್ಲಿಗೇ ಹೋಗುತ್ತೆ!" ಎಂದು ಕೂಗಿದರು. ಇಷ್ಟು ವರ್ಷ ಈ ಮಾತನ್ನು ನಾನೇ ಹೇಳುತ್ತಿದ್ದೆ. ಮಕ್ಕಳ ಬಾಯಿಂದಲೂ ಪರವಾಗಿಲ್ಲ, ಚೆನ್ನಾಗಿಯೇ ಇತ್ತು.

ಮನೆಗೆ ಬರುವಾಗ ಮಗಳು ಬಸ್ಸಿನಲ್ಲಿ, "ಪುಡಿ ತುದಿಯಲ್ಲಿ ಮುಳ್ಳಿನ ಹಾಗೆ ನಿಂತ್ಕೊಂಡಿತ್ತು" ಎಂದಳು. ನಾನು ಹೌದೆಂದು ತಲೆಯಾಡಿಸಿದೆ.

ಜನವರಿ 13, ಸೋಮವಾರ

ಎಲ್ಲರನ್ನೂ ಬಯಲಿಗೆ ಎಳೆದುಕೊಂಡು ಹೋದೆ. ನೀರಿನ ಟ್ಯಾಂಕೇ ಸೂರ್ಯ. ಬಯಲಿನ ನಡುವೆ ಸುಣ್ಣದ ಪುಡಿಯಲ್ಲಿ ಭೂಮಿ, ಅದರ ಸುತ್ತ ಕಾಂತರೇಖೆಗಳು. ಅರ್ಧ ತರಗತಿ ಕಣಗಳು. ಟ್ಯಾಂಕಿನಿಂದ ಓಡಿ ಬಂದು, ಗೆರೆ ದಾಟದೆ, ಗೆರೆಯಗುಂಟವೇ ಜಾರಿ ಧ್ರುವಕ್ಕೆ ಬರಬೇಕು. ಅಲ್ಲಿ ಗಾಳಿಯಾಗಿ ನಿಂತವರ ಅಂಗೈಗೆ ಹೊಡೆಯಬೇಕು. ಏಟು ಬಿದ್ದವರು ತಮ್ಮ ಕೈಲಿರುವ ಬಣ್ಣದ ಬಟ್ಟೆಯ ತುಂಡನ್ನು ಮೇಲೆತ್ತಬೇಕು. ಕೆಳಗಿನ ಆಕ್ಸಿಜನ್‌ಗೆ ಹಸಿರು, ನೈಟ್ರೋಜನ್‌ಗೆ ನೇರಳೆ. ತುಂಬ ಎತ್ತರದ ಆಕ್ಸಿಜನ್‌ಗೆ ಕೆಂಪು, ಅವರನ್ನು ಬೆಂಚಿನ ಮೇಲೆ ನಿಲ್ಲಿಸಿದೆ.

ಎಲ್ಲ ನಾನೇ ಮಾಡಿ ತೋರಿಸಬೇಕಾಯಿತು. ಟ್ಯಾಂಕಿನಿಂದ ಧ್ರುವಕ್ಕೆ ನಾನೇ ಓಡಿದೆ, ಅಲ್ಲಿ ನಿಂತು ಆಕ್ಸಿಜನ್ನೂ ನಾನೇ ಆದೆ. ಏದುಸಿರು ಬಂದಾಗ ಗಂಟಲಿನ ಎಡಗಡೆ ಚುಚ್ಚುತ್ತದೆ, ಒಂದು ಗಳಿಗೆ ಒತ್ತಿ ಹಿಡಿದರೆ ಸರಿಹೋಗುತ್ತದೆ. ಈ ವಯಸ್ಸಿನಲ್ಲಿ ಇಷ್ಟು ಓಡುತ್ತೇನೆ, ಯಾವ ಹೊಸಬರು ಓಡಿಯಾರು?

ಕೆಂಪಿನ ವಿಷಯ ಮಾತ್ರ ಸನ್ನೆಗೆ ಸಿಗಲಿಲ್ಲ, ಹಲಗೆಯ ಮೇಲೆ ಬರೆದೆ. ಎತ್ತರದ ಆಕ್ಸಿಜನ್ ನಿಧಾನ. ಏಟು ಬಿದ್ದ ಕೂಡಲೇ ಬೆಳಕು ಕೊಡುವುದಿಲ್ಲ, ತುಂಬ ಹೊತ್ತು ಕಾಯುತ್ತದೆ. ಅಷ್ಟರಲ್ಲಿ ಪಕ್ಕದ ಇನ್ನೊಂದು ಕಣ ಬಂದು ತಾಗಿದರೆ ಆ ಬೆಳಕು ಬರುವುದೇ ಇಲ್ಲ. ಅದಕ್ಕೇ ಕೆಂಪು ಕಾಣುವುದು ತೀರಾ ಮೇಲೆ, ಗಾಳಿ ವಿರಳವಾಗಿರುವ ಕಡೆ. ಸುಮ್ಮನೆ ಕಾಯುವುದು ಯಾರಿಗೆ ಬೇಕು? ಒಬ್ಬರೂ ಕೆಂಪಾಗಲು ಒಪ್ಪಲಿಲ್ಲ. ಮಗಳು ತಾನಾಗಿಯೇ ಹೋಗಿ ಬೆಂಚು ಹತ್ತಿದಳು.

ಲಾಯರ್ ಬಂದು, "ಮಿಸ್, ಅಷ್ಟು ಜೋರಾಗಿ ಹೊಡೆದ್ರೆ ಆಕ್ಸಿಜನ್‌ಗೆ ನೋವಾಗಲ್ವಾ?" ಎಂದಳು. ಅವಳ ತಲೆಗೊಂದು ಮೊಟಕಿ ಕಳಿಸಿದೆ.

ಜನವರಿ 15, ಬುಧವಾರ

ಇವರು ಊಟಕ್ಕೆ ಕೂತಾಗ, "ನೀನು ಸುಮ್ನಿದ್ರೆ ಮನೆ ಬಿಕೋ ಅನ್ನುತ್ತೆ ಕಣೇ. ಬೈಯೋದಕ್ಕಾದ್ರೂ ಬರೆದು ತೋರ್ಸು" ಎಂದರು. ಬರೆದು ತೋರಿಸಿದೆ. ಜೋಪಾನವಾಗಿ ಜೇಬಿಗಿಟ್ಟುಕೊಂಡರು.

ಮಗಳು ಪಾತ್ರೆ ಒರೆಸುತ್ತಾ ಪಕ್ಕದಲ್ಲೇ ನಿಂತು ಕತೆ ಹೇಳಿದಳು. ಲಾಯರ್‌ಗೂ ಅವಳ ಅಕ್ಕನಿಗೂ ಜಗಳವಂತೆ. ಅಕ್ಕ ತಂಗಿಯ ಸ್ವೆಟರ್ ಹಾಕಿಕೊಂಡು ಹೋಗಿ ತೋಳು ಸಡಿಲ ಮಾಡಿಕೊಂಡು ಬಂದಳಂತೆ, ತಂಗಿ ಸೇಡಿಗೆ ಅಕ್ಕನ ಬಾಚಣಿಗೆಯನ್ನು ಅಟ್ಟದ ಮೇಲೆ ಎಸೆದಳಂತೆ, ಅದನ್ನು ತೆಗೆಯಲು ಹೋದ ಅವರಪ್ಪ ಏಣಿಯ ಮೇಲೇ ಸಿಕ್ಕಿಕೊಂಡರಂತೆ. ಇಳಿಸುವುದಕ್ಕೆ ಪಕ್ಕದ ಮನೆಯವರು ಬರಬೇಕಾಯಿತಂತೆ. ನನಗೆ ನಗು ತಡೆಯಲಾಗದೆ ಗಂಟಲು ಉರಿಯಿತು. ಪಾತ್ರೆಗಳು ಯಾವಾಗಲೋ ಒಣಗಿದ್ದವು.

ಜನವರಿ 17, ಶುಕ್ರವಾರ

ಡಾಕ್ಟರ ಬಳಿ ಒಬ್ಬಳೇ ಹೋಗಿದ್ದೆ. ಗಂಟು ಇಳಿದಿಲ್ಲ. "ಇನ್ನೂ ತಡಮಾಡಿದ್ರೆ ಜವಾಬ್ದಾರಿ ನಂದಲ್ಲ" ಎಂದರು. ಇಪ್ಪತ್ನಾಲ್ಕು ಕಳೆಯಲಿ ಎಂದು ಬರೆದೆ. "ಮನೆಯವ್ರಿಗೆ ಗೊತ್ತಾ?" ಎಂದರು. ಚೀಟಿ ಮಡಚಿ ಚೀಲಕ್ಕಿಟ್ಟುಕೊಂಡೆ.

ಒಂದು ವಾರ ತಾನೇ. ಗಂಟಿಗೇನು ಗಾಡಿ ತಪ್ಪಿಹೋಗುತ್ತದೆಯೇ?

ಜನವರಿ 20, ಸೋಮವಾರ

ಇವತ್ತಿನ ಆಟ ನೋಡಿದ್ದರೆ ಹೆಡ್‌ಮೇಡಂ ಅಲ್ಲೇ ಸೋಲೊಪ್ಪುತ್ತಿದ್ದರು. ಕಣಗಳು ಗೆರೆ ತಪ್ಪದೆ ಬಂದವು. ಹಸಿರು, ನೇರಳೆ ಎದ್ದೆದ್ದು ಇಳಿದು, ಗಾಳಿಗೆ ಪರದೆ ಅಲುಗಿದಂತೆ ಬಯಲಿನ ಒಂದು ತುದಿಯೆಲ್ಲ ಅಲುಗಿತು. ಈ ಮಕ್ಕಳ್ಯಾರೂ ಆ ಬೆಳಕನ್ನು ಕಂಡವರಲ್ಲ, ನಾನೂ ಅಲ್ಲ. ಆದರೂ ಒಂದು ಗಳಿಗೆ ಎದೆ ತುಂಬಿ ಬಂತು. ಕೆಂಪು ಕೊನೆಗೆ, ಎಲ್ಲ ಇಳಿದ ಮೇಲೆ, ಒಂದೇ ಒಂದು ಎದ್ದಿತು.

ಒಂದೇ ಒಂದು ಚೇಷ್ಟೆ. ಏಟು ಬಿದ್ದ ಕೂಡಲೇ ಬಟ್ಟೆ ಎತ್ತಿ ಎಂದರೆ, ಅದಕ್ಕೆ ಮುಂಚೆ ಎಲ್ಲರೂ ಎರಡು ಬೆರಳಿನಿಂದ ಕೊರಳಿನ ಎಡಗಡೆ ಒತ್ತಿಕೊಳ್ಳುತ್ತಾರೆ. ಎಲ್ಲಿಂದ ಕಲಿತರೋ. ಮಂಗಗಳು. ಬಿಡಿಸಬೇಕು ಎಂದುಕೊಂಡೆ, ಬೇಡವೆಂದು ಸನ್ನೆ ಮಾಡುವುದು ಹೇಗೆಂದು ತಿಳಿಯದೆ ಬಿಟ್ಟೆ. ಅದರಿಂದೇನೂ ಪಾಠ ಕೆಡುವುದಿಲ್ಲ.

ಸಂಜೆ ಮಗಳು ತನಗೆ ಗಣಿತದ ಮೇಷ್ಟರೆಂದರೆ ಏಕೆ ಭಯ, ಈಜು ಕಲಿಯುವ ಆಸೆ ಎಷ್ಟು ದಿನದಿಂದ ಇದೆ, ಕಳೆದ ವರ್ಷ ಹುಟ್ಟುಹಬ್ಬಕ್ಕೆ ನಾನು ಆರಿಸಿದ ಹಳದಿ ಫ್ರಾಕು ಅವಳಿಗೆ ಎಷ್ಟು ಹಿಡಿಸಲಿಲ್ಲ, ಎಲ್ಲ ಹೇಳಿದಳು. ಹಳದಿ ಅವಳಿಗೆ ಇಷ್ಟ ಎಂದು ಅಂಗಡಿಯವನಿಗೆ ನಾನೇ ಅಲ್ಲವೇ ಹೇಳಿದ್ದು? ಇಷ್ಟವಿಲ್ಲದಿದ್ದರೆ ಆಗಲೇ ಹೇಳಬಹುದಿತ್ತಪ್ಪ.

ಜನವರಿ 22, ಬುಧವಾರ

ಬೆಳಗ್ಗೆ ಬಾಯಿ ಮುಕ್ಕಳಿಸಿದಾಗ ಸಿಂಕಿನಲ್ಲಿ ಕೆಂಪು. ನೀರು ಬಿಟ್ಟೆ.

ನಾಡಿದ್ದು ಮುಗಿಯುತ್ತದೆ.

ಜನವರಿ 24, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಹೆಡ್‌ಮೇಡಂ ಬಂದರು, ಜೊತೆಗೆ ಆ ಹೊಸ ಟೀಚರನ್ನೂ ಕರೆತಂದರು. ಇಬ್ಬರಿಗೂ ಬಯಲಿನಂಚಿನಲ್ಲಿ ಕುರ್ಚಿ ಹಾಕಿಸಿದೆ. ಆಟ ಸೊಗಸಾಗಿ ನಡೆಯಿತು. ಹೊಸಬಳು ಚಪ್ಪಾಳೆ ತಟ್ಟಿದಳು, ಒಳ್ಳೆಯ ಹುಡುಗಿಯೇ ಇರಬೇಕು. ಆಮೇಲೆ ಹೆಡ್‌ಮೇಡಂ ಪ್ರಶ್ನೆ ಶುರುಮಾಡಿದರು. ಕಣ ಎಲ್ಲಿಂದ ಬರುತ್ತೆ? ಧ್ರುವಕ್ಕೇ ಯಾಕೆ ಹೋಗುತ್ತೆ? ಹಸಿರು ಯಾವುದರದು? ಪಟಪಟನೆ ಉತ್ತರ. ನಾನು ಕೈಕಟ್ಟಿ ನಿಂತಿದ್ದೆ, ಮೀಸೆಯಿದ್ದಿದ್ದರೆ ತಿರುವುತ್ತಿದ್ದೆ.

"ಎಲ್ಲಾ ಸರಿ. ಈ ಕೊರಳು ಮುಟ್ಕೊಳ್ಳೋದು ಏನು?" ಎಂದರು ಹೆಡ್‌ಮೇಡಂ.

ಲಾಯರ್ ಎದೆ ಸೆಟೆಸಿ ಮುಂದೆ ಬಂದಳು. "ಕಣದ ಶಕ್ತಿ ಒಳಗೆ ಹೋಗೋದು ಅಲ್ಲಿಂದಾನೇ ಮೇಡಂ. ಮೊದ್ಲು ಅಲ್ಲಿ ಹೋಗಿ, ಆಮೇಲೆ ಬೆಳಕಾಗೋದು."

"ಆಕ್ಸಿಜನ್‌ಗೆ ಕೊರಳಿದೆಯಾ?"

"ಮಿಸ್ ಪ್ರತಿ ಸಲ ಹಾಗೇ ತೋರಿಸ್ತಾರೆ ಮೇಡಂ. ಒಂದ್ಸಲಾನೂ ತಪ್ಪಿಸಿಲ್ಲ. ನಾವೆಲ್ಲ ಬರ್ಕೊಂಡಿದೀವಿ."

ಎಲ್ಲ ತಲೆಗಳೂ ಹೌದೆಂದು ಆಡಿದವು. ಅಷ್ಟೂ ಮಕ್ಕಳು ನನ್ನ ನೋವನ್ನೂ ಪಾಠವೆಂದುಕೊಂಡು ಶ್ರದ್ಧೆಯಿಂದ ಕಲಿತಿದ್ದವು. ಹೆಡ್‌ಮೇಡಂ ನನ್ನತ್ತ ತಿರುಗಿ, "ನೋಡಿ, ಇದಕ್ಕೇ ನಾನು ಹೇಳಿದ್ದು. ಮಾತಿಲ್ದೆ ಇದ್ರೆ ಇಂಥ ತಪ್ಪು ಮಕ್ಕಳ ತಲೇಲಿ ಕೂತ್ಬಿಡುತ್ತೆ" ಎಂದರು. ಅವರ ಮಾತು ತಪ್ಪೆನ್ನುವಂತೆಯೂ ಇರಲಿಲ್ಲ. ತಡೆಯಲಾರದೆ ಬಾಯಿ ತೆರೆದೆ. ಬಂದದ್ದು ದನಿಯಲ್ಲ, ನೆಲದ ಮೇಲೆ ತಗಡು ಎಳೆದ ಸದ್ದು. ಕೈ ತಾನಾಗಿಯೇ ಕೊರಳಿಗೆ ಹೋಯಿತು.

"ಅದು ಪಾಠದಲ್ಲಿಲ್ಲ ಮೇಡಂ."

ಬೆಂಚಿನ ಮೇಲಿಂದ ನನ್ನ ಮಗಳು. ಕೆಂಪು ಬಟ್ಟೆ ಇನ್ನೂ ಕೈಯಲ್ಲಿತ್ತು. ಹೆಡ್‌ಮೇಡಂ ಏನಂದೆ ಎಂದು ಕೇಳಿದರು. ಅವಳು ತುಂಬ ಹೊತ್ತು ಸುಮ್ಮನಿದ್ದಳು. ಯಾರೂ ಮಾತಾಡಲಿಲ್ಲ, ನನಗಂತೂ ಆಡುವಂತಿರಲಿಲ್ಲ.

"ಕಣ ಬಂದು ಹೊಡೆಯೋದು, ಬೆಳಕು ಬರೋದು, ಅಷ್ಟೇ ಪಾಠ. ಕೆಂಪಿಗೆ ಮಾತ್ರ ಹೊತ್ತು ಬೇಕು. ಮಧ್ಯದಲ್ಲಿ ಯಾರೂ ತಾಗ್ದೇ ಇದ್ರೆ ಅದೂ ಬರುತ್ತೆ. ಆ ಕೈ ಇದೆಯಲ್ಲ, ಅದು ಅಮ್ಮಂಗೆ ನೋವಾದಾಗ ಇಡೋ ಕೈ. ನೀರು ಕುಡಿಯೋವಾಗ್ಲೂ ಅಲ್ಲೇ ಇಡ್ತಾರೆ. ಸೀಮೆಸುಣ್ಣದ ಧೂಳು ಅಂತ ನಮಗೆ ಹೇಳಿದಾರೆ. ಧೂಳಿಗೆ ರಕ್ತ ಬರಲ್ಲ. ನಾನು ಸಿಂಕಲ್ಲಿ ನೋಡ್ದೆ." ಆಮೇಲೆ ನನ್ನ ಕಡೆ ನೋಡಿ, "ಇವತ್ತು ಮುಗೀಲಿ ಅಂತ ಕಾಯ್ತಿದೀಯ ಅಂತ ಗೊತ್ತಿತ್ತು. ಅದಕ್ಕೇ ನಾನೂ ಕಾದೆ. ಮುಗೀತಲ್ಲ ಅಮ್ಮ. ಇನ್ನಾದ್ರೂ ಹೋಗೋಣ" ಎಂದಳು.

ತರಗತಿಯಲ್ಲಿ ನನ್ನನ್ನು ಮಿಸ್ ಎನ್ನಬೇಕೆಂಬುದು ನಾನೇ ಮಾಡಿದ ಕಟ್ಟಪ್ಪಣೆ. ಅದನ್ನು ಅವಳು ಮುರಿದದ್ದು ಇದೇ ಮೊದಲು. ಮೂಗಿನ ಮೇಲೆ ಬೆರಳಿಟ್ಟು ನಿಲ್ಲುವ ಸರದಿ ನನ್ನದಾಯಿತು. ಲಾಯರ್ ತನ್ನ ಕೊರಳಿನಿಂದ ಬೆರಳು ತೆಗೆದು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ನೋಡಿದೆ.

ಹೆಡ್‌ಮೇಡಂ ನನ್ನನ್ನು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. "ಒಂದು ಕ್ಲಾಸಿಗೋಸ್ಕರ ಇಷ್ಟಾ? ಹುಚ್ಚೀನೇನ್ರೀ ನೀವು?" ಹೌದೆಂದು ತಲೆಯಾಡಿಸಿದೆ. ಅವರಿಗೆ ನಗುವೂ ಬಂತು, ಅಳುವೂ ಬಂತು. "ಆ ಹುಡುಗಿ ನೀವು ಬರೋವರೆಗೆ ಮಾತ್ರ. ನಿಮ್ಮ ಮಕ್ಕಳು ನಿಮಗೇ. ಈಗ್ಲೇ ಡಾಕ್ಟರ ಹತ್ರ ಹೊರಡಿ." ಪಂದ್ಯ ಗೆದ್ದೆ. ಮುಖ್ಯ ವಿಷಯ ಅದು.

ಇವರಿಗೆ ಮಗಳೇ ಹೇಳಿದಳು. ಇವರು ರೇಡಿಯೋ ಆರಿಸಿದರು. ಬಂದು ನನ್ನ ಪಕ್ಕ ಕೂತರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಜನವರಿ 27, ಸೋಮವಾರ

ನಾಳೆ ಬೆಳಗ್ಗೆ ಆಪರೇಷನ್. ಆಸ್ಪತ್ರೆಯ ಮಂಚ ಗಟ್ಟಿ, ದಿಂಬು ಇನ್ನೂ ಗಟ್ಟಿ. ನರ್ಸು ನನಗಿಂತ ದೊಡ್ಡ ಬಾಯಿಬಡಕಿ, ನೋಡಿ ಹೊಟ್ಟೆಕಿಚ್ಚಾಯಿತು.

ದನಿ ಮೊದಲಿನಂತೆ ಇರುತ್ತದೆ ಎಂದು ಹೇಳಲಾಗದು, ಗಂಟು ಎಂಥದ್ದು ಎಂಬುದೂ ಟೆಸ್ಟಾಗದೆ ಗೊತ್ತಾಗದು ಎಂದರು ಡಾಕ್ಟರು. ಹೆದರಿಕೆಯಾಗುತ್ತಿದೆ. ಬರೆದೇಬಿಟ್ಟೆ. ಇಲ್ಲಿ ಓದುವವರು ಯಾರಿದ್ದಾರೆ.

ಮಗಳು ಮಂಚದ ತುದಿಯಲ್ಲಿ ಕೂತು ದಿನದ ವರದಿ ಒಪ್ಪಿಸಿದಳು. ತರಗತಿಯಲ್ಲಿ ಯಾರೋ ಅಪ್ಪಿತಪ್ಪಿ ಕೊರಳು ಮುಟ್ಟಿಕೊಂಡರೆ ಲಾಯರ್ ಕೈಮೇಲೆ ಹೊಡೆಯುತ್ತಾಳಂತೆ. ಕೇಳುತ್ತಾ ಕೇಳುತ್ತಾ ಕಣ್ಣು ಹತ್ತಿತು. ಎಚ್ಚರವಾದಾಗಲೂ ಹೇಳುತ್ತಲೇ ಇದ್ದಳು.

ಫೆಬ್ರವರಿ 3, ಸೋಮವಾರ

ಗಂಟು ಬರೀ ಗಂಟು. ಕೆಟ್ಟದ್ದೇನೂ ಇಲ್ಲ!

ಇವರು ವರದಿಯನ್ನು ಉಲ್ಟಾ ಹಿಡಿದುಕೊಂಡೇ ಓದಿ ಅತ್ತರು. ನಾನು ಅಳಲಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ಇನ್ನೊಂದು ವಾರ ಬಾಯಿಗೆ ಬೀಗ. ಬೀಗ ತೆಗೆದ ದಿನ ಏನು ಹೇಳಬೇಕೆಂದು ಈಗಲೇ ಯೋಚಿಸಿಟ್ಟಿದ್ದೇನೆ. ಹೆಡ್‌ಮೇಡಂಗೆ ಒಂದು, ಏಳನೇ ತರಗತಿಗೆ ಒಂದು, ರೇಡಿಯೋ ವಿಷಯಕ್ಕೆ ಇವರಿಗೊಂದು. ಇವರದ್ದೇ ಉದ್ದ.

ಫೆಬ್ರವರಿ 10, ಸೋಮವಾರ

"ಆ ಅನ್ನಿ" ಎಂದರು ಡಾಕ್ಟರು. ಅಂದೆ. ಮೊದಲಿಗಿಂತ ದಪ್ಪ, ಸ್ವಲ್ಪ ಒರಟು, ಆದರೆ ದನಿಯೇ. ಇನ್ನು ಮಾತಾಡಬಹುದು, ಹದವಾಗಿ ಆಡಿ ಎಂದರು. ಹದವಾಗಿಯಂತೆ! ಇಷ್ಟು ದಿನದ ಬಾಕಿ ಯಾರು ತೀರಿಸುತ್ತಾರೆ?

ಮೊದಲ ಮಾತನ್ನು ಅಲ್ಲೇ ಖರ್ಚು ಮಾಡುವುದು ಬೇಡವೆಂದು ಡಾಕ್ಟರಿಗೆ ಕೈಮುಗಿದು ಬಂದೆ. ಹೊರಗೆ ಮಗಳು ಕಾಯುತ್ತಿದ್ದಳು. ಬಸ್ಸು ಬೇಡ, ನಡೆಯೋಣ ಎಂದಳು. ಒಳ್ಳೆಯದೇ ಆಯಿತು, ಮನೆ ತಲುಪಿ ಇವರ ಮುಂದೆ ನಿಂತು ಭಾಷಣ ಶುರುಮಾಡಬೇಕೆಂದು ಮನಸ್ಸಿನಲ್ಲೇ ಸಾಲು ಜೋಡಿಸುತ್ತಾ ಹೊರಟೆ.

ಅವಳು ಈಜುಕೊಳದ ಸುದ್ದಿ ತೆಗೆದಳು. ನಿನ್ನೆ ಅವಳೂ ಲಾಯರೂ ಹೆಸರು ಕೊಡಲು ಹೋಗಿದ್ದರಂತೆ. ಕೊಳದ ಕಟ್ಟೆಯ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಕೂತಿದ್ದರಂತೆ. ಕಲಿಸುವ ಹೆಂಗಸು ಬಂದು, ನಿಮ್ಮಲ್ಲಿ ಯಾರಿಗೆ ಭಯ ಎಂದು ಕೇಳಿದಳಂತೆ. ಲಾಯರ್ ತನಗೆ ಭಯವಿಲ್ಲವೆಂದಳಂತೆ, ಅಷ್ಟು ಹೇಳುವಾಗಲೇ ಅವಳ ಹಲ್ಲು ಕಟಕಟ ಎನ್ನುತ್ತಿತ್ತಂತೆ. "ನನ್ನ ಕೇಳಿದ್ರು. ಆಗ ನಾನು..." ಎಂದು ಮಗಳು ನಿಂತುಬಿಟ್ಟಳು. ರಸ್ತೆ ದಾಟುವ ಜಾಗ ಅದು, ವಾಹನಗಳು ಹೋಗುತ್ತಿದ್ದವು. ಅವಳು ಅತ್ತ ನೋಡಿದಳು, ಇತ್ತ ನೋಡಿದಳು, ಚೀಲದ ದಾರ ಬೆರಳಿಗೆ ಸುತ್ತಿಕೊಂಡಳು. ವಾಹನಗಳೆಲ್ಲ ಹೋದವು. ನಾವು ದಾಟಲಿಲ್ಲ.

"ಆಮೇಲೆ?" ಎಂದೆ.

ಎಂದ ಮೇಲೆ ಹಣೆ ಚಚ್ಚಿಕೊಳ್ಳುವಂತಾಯಿತು. ವಾರಗಟ್ಟಲೆ ಕೂಡಿಟ್ಟ ಮೊದಲ ಮಾತು ಹೀಗೆ ರಸ್ತೆಬದಿಯಲ್ಲಿ ಉದುರಿಹೋಯಿತು. ಹೋಗಲಿ, ಅಮ್ಮನಿಗೆ ದನಿ ಬಂತೆಂದು ಅವಳಾದರೂ ಕುಣಿದಳೇ? ನಾನು ಮಾತಾಡಿದ್ದು ಅವಳ ಗಮನಕ್ಕೇ ಬರಲಿಲ್ಲ. "ಆಮೇಲಾ? ಭಯ ಅಂದೆ. ತುಂಬಾ ಭಯ ಅಂದೆ. ಅದಕ್ಕೆ ಅವರು ಏನಂದ್ರು ಗೊತ್ತಾ..." ಎಂದು ನನ್ನ ಕೈ ಹಿಡಿದು ರಸ್ತೆ ದಾಟಿಸುತ್ತಾ ಹೇಳತೊಡಗಿದಳು.

ಮನೆ ಬಂದಾಗ ಅವಳ ಮಾತು ಮುಗಿದಿರಲಿಲ್ಲ. ಗೇಟಿನಲ್ಲಿ ಇವರು ನಿಂತಿದ್ದರು. ಸ್ವಲ್ಪ ತಾಳಿ ಎಂದು ಇವರಿಗೆ ಕೈಸನ್ನೆ ಮಾಡಿ, ನಾವಿಬ್ಬರೂ ಬೀದಿಯಲ್ಲಿ ಇನ್ನೊಂದು ಸುತ್ತು ಹೊರಟೆವು.